ಹಿಂದಿನ ತೂತಿನಿಂದ ನೀರು ಬರ್ತಾ ಇದೆ, ಆದರೂ ಎಂಜಿನ್ ಜಾಮ್ ಯಾಕೆ?

ಪ್ರಶ್ನೆ: ನಮ್ಮದು ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಊರು. ತದಡಿ ಕಡೆಯಿಂದ ಸಣ್ಣ ದೋಣಿಯಲ್ಲಿ ಹೋಗಿ ಬಲೆ ಬಿಡುತ್ತೇವೆ. ಎಂಜಿನ್ 9.9 ಎಚ್‌ಪಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್), ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಜೂನ್, ಜುಲೈಯಲ್ಲಿ ಸಮುದ್ರ ಜೋರಿದ್ದ ಕಾರಣ ಅದು ಮನೆಯಲ್ಲೇ ಇತ್ತು. ಆಗಸ್ಟ್‌ನಲ್ಲಿ ಇಳಿಸಿದ ಮೂರನೇ ದಿನ ಬಿಸಿಯಾಗಿ ನಿಂತಿತು. ಹಿಂದಿನ ತೂತಿನಿಂದ ನೀರು ಚೆನ್ನಾಗಿಯೇ ಬರುತ್ತಿತ್ತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಒಂದು ತಾಸು ಬಿಟ್ಟು ಸಡಿಲವಾಯಿತು, ಮನೆಗೆ ಬಂದೆವು. ಮರುದಿನ ಮತ್ತೆ ಜಾಮ್. ಇನ್ನೊಂದು, ತಮ್ಮನ ಹಳೆಯ 100 ಸಿಸಿ ಟೂ ಸ್ಟ್ರೋಕ್ ಬೈಕ್. ಮಾರ್ಚ್‌ನಲ್ಲಿ ಶಿರಸಿ ಜಾತ್ರೆ ಮುಗಿಸಿ ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಚಕ್ರ ಹಿಡಿದುಕೊಂಡಿತು. ಅಂದಿನಿಂದ ಶೆಡ್ಡಿನಲ್ಲಿದೆ, ಕಿಕ್ ಅಲ್ಲಾಡುವುದಿಲ್ಲ. ಎರಡಕ್ಕೂ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕಿ ಎನ್ನುತ್ತಾರೆ ಮೆಕ್ಯಾನಿಕ್. ಎರಡಕ್ಕೂ ಒಂದೇ ಡಬ್ಬಿಯ ಟೂ-ಟಿ ಆಯಿಲ್ ಹಾಕುತ್ತೇವೆ. ಏನು ಮಾಡಲಿ?

ಉತ್ತರ: ಬೋರ್ ಈಗಲೇ ಬೇಡ. ಮಾಡಿಸಬೇಕಾಗಿ ಬರಬಹುದು, ಅದು ಬೇರೆ ಮಾತು. ಆದರೆ ಬಿಸಿ ಎಲ್ಲಿಂದ ಬಂತು ಎಂದು ಗೊತ್ತಾಗದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕಾರವಾರದಲ್ಲಿ ನನ್ನ ಶೆಡ್ಡಿಗೆ ಬರುವ ಜಾಮ್ ಎಂಜಿನ್‌ಗಳಲ್ಲಿ ಎಷ್ಟೋ ಈಗಾಗಲೇ ಒಮ್ಮೆ ಬೋರ್ ಆದವೇ. ಮೊದಲ ಸಲ ಯಾಕೆ ಹಿಡಿಯಿತು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ನಿಮ್ಮ ದೋಣಿಯ ಎಂಜಿನ್ ಮತ್ತು ಬೈಕ್, ಎರಡಕ್ಕೂ ಆಗಿರುವುದು ಒಂದೇ ಕಾಯಿಲೆ ಅಲ್ಲ. ಬೈಕಿಗಂತೂ ಎರಡು ಕಾಯಿಲೆ. ಒಂದು ಮಾರ್ಚ್‌ನದು, ಇನ್ನೊಂದು ಮಳೆಗಾಲದ್ದು.

ದೋಣಿಯಿಂದ ಶುರು ಮಾಡೋಣ.

ತೂತಿನಿಂದ ನೀರು ಬರುತ್ತಿತ್ತು, ಆದ್ದರಿಂದ ನೀರಿನ ತೊಂದರೆ ಇಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಎಲ್ಲರೂ ಹಾಗೇ ಅಂದುಕೊಳ್ಳುವುದು. ಆದರೆ ಆ ನೀರು ಎಲ್ಲಿಂದ ಬರುತ್ತದೆ ನೋಡಿ. ಕೆಳಗೆ ಪ್ರೊಪೆಲ್ಲರ್ ಹತ್ತಿರ ಜಾಲರಿಯಿಂದ ಸಮುದ್ರದ ನೀರು ಒಳಗೆ ಹೋಗುತ್ತದೆ. ಅದರ ಮೇಲೆ ಇಂಪೆಲ್ಲರ್, ಅಂದರೆ ರಬ್ಬರ್ ಎಲೆಗಳ ಪಂಪಿನ ಚಕ್ರ, ತಿರುಗುತ್ತಾ ನೀರನ್ನು ಉದ್ದನೆಯ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ನೀರು ಸಿಲಿಂಡರ್ ಸುತ್ತ ಹೋಗಿ, ಅದರ ಮುಚ್ಚಳವಾದ ಹೆಡ್ ಸುತ್ತಿ, ಥರ್ಮೋಸ್ಟಾಟ್ ದಾಟಿ, ಹೊಗೆಯ ಜೊತೆ ಕೆಳಗೆ ಹೋಗುತ್ತದೆ. ಬಹಳಷ್ಟು ಔಟ್‌ಬೋರ್ಡ್‌ಗಳಲ್ಲಿ ಹಿಂದಿನ ತೂತಿಗೆ ನೀರು ತೆಗೆಯುವುದು ಥರ್ಮೋಸ್ಟಾಟ್‌ಗಿಂತ ಮುಂಚೆ. ಅಂದರೆ ಆ ಧಾರೆ ಹೇಳುವುದು ಒಂದೇ ಮಾತು: ಪಂಪ್ ಕೆಲಸ ಮಾಡುತ್ತಿದೆ. ಸಿಲಿಂಡರ್ ಸುತ್ತ ನೀರು ಸರಿಯಾಗಿ ತಿರುಗಿ ಹೊರಗೆ ಹೋಯಿತೋ ಇಲ್ಲವೋ, ಅದನ್ನು ಆ ಧಾರೆ ಹೇಳುವುದಿಲ್ಲ. ಮನೆಯ ಟ್ಯಾಂಕಿಯ ಪಕ್ಕದ ನಲ್ಲಿಯಲ್ಲಿ ನೀರು ಬಂದರೆ ಮಹಡಿಯ ಬಚ್ಚಲಿಗೂ ಬರುತ್ತದೆ ಅಂತೇನಿಲ್ಲ, ಅಲ್ವಾ?

ಇದರ ತಿರುಗುಮುರುಗೂ ಆಗುತ್ತದೆ. ಧಾರೆ ನಿಂತಿತು ಎಂದು ಗಾಬರಿಯಾಗಿ ಎಂಜಿನ್ ಇಳಿಸಿಕೊಂಡು ಬರುತ್ತಾರೆ. ನೋಡಿದರೆ ತೂತಿನ ಬಾಯಲ್ಲೇ ಉಪ್ಪಿನ ಹರಳೋ ಜೇಡರ ಗೂಡೋ ಇರುತ್ತದೆ. ಆದ್ದರಿಂದ ಧಾರೆ ನಿಂತರೆ ಎಂಜಿನ್ ಆಫ್ ಮಾಡಿ ಮೊದಲು ಒಂದು ತೆಳು ತಂತಿ ಹಾಕಿ ನೋಡಿ.

ಹಾಗಾದರೆ ನಿಮ್ಮ ಎಂಜಿನ್ನಿನಲ್ಲಿ ನೀರು ಎಲ್ಲಿ ನಿಂತಿರಬಹುದು? ನನ್ನ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ. ಅದು ಬಿಸಿ ತಾಗಿದಾಗ ತೆರೆದುಕೊಳ್ಳುವ ಸಣ್ಣ ಬಾಗಿಲು. ಉಪ್ಪುನೀರು ಕುಡಿದ ಎಂಜಿನ್ನನ್ನು ತೊಳೆಯದೆ ಎರಡು ತಿಂಗಳು ನಿಲ್ಲಿಸಿದರೆ ಒಳಗೆ ಉಳಿದ ನೀರು ಆರಿ, ಆ ಬಾಗಿಲು ಮುಚ್ಚಿದ ಹಾಗೆಯೇ ಉಪ್ಪಿನಲ್ಲಿ ಅಂಟಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಬಿಚ್ಚಿ ತೆಗೆಯಿರಿ, ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ, ಒಲೆಯ ಮೇಲಿಡಿ. ತೆರೆಯಬೇಕಾದ ಬಿಸಿ ಎಷ್ಟು ಎಂದು ಸಾಮಾನ್ಯವಾಗಿ ಅದರ ಮೇಲೆಯೇ ಬರೆದಿರುತ್ತದೆ. ಸಮುದ್ರದ ನೀರಿನ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ 50ರಿಂದ 60 ಡಿಗ್ರಿ. ನೀರು ಕುದಿಯುವವರೆಗೂ ಅದು ಬಾಯಿ ಬಿಡದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇಲ್ಲಿ ನಮ್ಮ ಕಡೆಯ ಒಂದು ಚಟದ ಬಗ್ಗೆ ಹೇಳಲೇಬೇಕು. ಥರ್ಮೋಸ್ಟಾಟ್ ಅಂಟಿತು ಎಂದರೆ ಕಿತ್ತು ಬಿಸಾಡುವುದು. 'ಅದಿಲ್ಲದಿದ್ರೆ ತಂಪಾಗೇ ಓಡ್ತದೆ' ಎನ್ನುವುದು. ಓಡುತ್ತದೆ, ನಿಜ. ಆದರೆ ಜಾಸ್ತಿ ತಂಪಾಗಿ ಓಡುತ್ತದೆ. ತಣ್ಣಗಿನ ಸಿಲಿಂಡರಿನಲ್ಲಿ ಸೀಮೆಎಣ್ಣೆ ಪೂರ್ತಿ ಉರಿಯುವುದಿಲ್ಲ. ಉರಿಯದ್ದು ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆಯುತ್ತದೆ, ರಿಂಗ್ ಸಂದಿಯಲ್ಲಿ ಮಸಿ ಕಟ್ಟುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ಸುಮ್ನೆ ತೆಗೆದು ಬಿಸಾಡಬೇಡಿ.

ಎರಡನೇ ಅನುಮಾನ ನೀರಿನ ದಾರಿಯಲ್ಲಿ ಕಟ್ಟಿದ ಹಕ್ಕಳೆ, ಅಂದರೆ ಗಟ್ಟಿ ಪದರ. ಅಘನಾಶಿನಿ ದಂಡೆಯವರಿಗೆ ಇದನ್ನು ವಿವರಿಸುವುದು ಸುಲಭ, ಹತ್ತಿರದಲ್ಲೇ ಸಾಣಿಕಟ್ಟಾ ಇದೆ. ಅಲ್ಲಿನ ಉಪ್ಪಿನ ಆಗರಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಗಟ್ಟಿಯಾಗುವಾಗ ಉಪ್ಪು ಮೊದಲು ಬೀಳುವುದಿಲ್ಲ. ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಮ್, ಆಮೇಲೆ ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನಿಮ್ಮ ಎಂಜಿನ್ನಿನ ಒಳಗೂ ಒಂದು ಪುಟ್ಟ ಆಗರ ಇದೆ. ಸುಣ್ಣ ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ, ಜಿಪ್ಸಮ್ಮೂ ಸುಮಾರು 40 ಡಿಗ್ರಿ ದಾಟಿದ ಮೇಲೆ ಹಾಗೆಯೇ. ಅದಕ್ಕೇ ಎಂಜಿನ್ನಿನಲ್ಲಿ ಅತಿ ಬಿಸಿ ಇರುವ ಜಾಗದಲ್ಲೇ ಅವು ಕೂರುತ್ತವೆ. ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ಹಾಗೆ. ಹಕ್ಕಳೆ ಕಟ್ಟಿದ ಕಡೆ ನೀರಿಗೆ ಲೋಹದ ಬಿಸಿ ತಲುಪುವುದಿಲ್ಲ, ಅಲ್ಲಿ ಇನ್ನೂ ಬಿಸಿ ಏರುತ್ತದೆ, ಇನ್ನೂ ಹಕ್ಕಳೆ ಕಟ್ಟುತ್ತದೆ. ಸಮುದ್ರದ ಎಂಜಿನ್‌ಗಳಿಗೆ ಅಷ್ಟು ಕಡಿಮೆ ಬಿಸಿಯ ಥರ್ಮೋಸ್ಟಾಟ್ ಹಾಕುವುದಕ್ಕೆ ಇದೂ ಒಂದು ಕಾರಣ.

ಹಕ್ಕಳೆ ತೆಗೆಯಲು ಬಿಳಿ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರು ತುಂಬಿಸಿ ಕೆಲವು ತಾಸು ಇಟ್ಟು, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸುಣ್ಣ ಕರಗುತ್ತದೆ. ಜಿಪ್ಸಮ್ ಇದಕ್ಕೆ ಬಗ್ಗುವುದಿಲ್ಲ, ಅದನ್ನು ಕವರ್ ಬಿಚ್ಚಿ ಮರದ ಕಡ್ಡಿಯಿಂದ ಕೆರೆಯಬೇಕು. ಕವರ್ ಬಿಚ್ಚುವಾಗ ಬೋಲ್ಟ್‌ಗಳಿಗೆ ಬಲ ಹಾಕಬೇಡಿ. ಅಲ್ಯುಮಿನಿಯಂ ಬ್ಲಾಕಿನಲ್ಲಿ ಉಪ್ಪು ಹಿಡಿದ ಸ್ಟೀಲ್ ಬೋಲ್ಟ್ ಸಕ್ಕರೆ ಕಡ್ಡಿಯ ಹಾಗೆ ಮುರಿಯುತ್ತದೆ. ಎಣ್ಣೆ ಬಿಡಿ, ಬ್ಲಾಕಿಗೆ ಸ್ವಲ್ಪ ಬಿಸಿ ಕೊಡಿ, ಸ್ವಲ್ಪ ಬಿಗಿ ಮಾಡಿ ಸ್ವಲ್ಪ ಸಡಿಲ ಮಾಡಿ.

ಮೂರನೆಯದು ಇಂಪೆಲ್ಲರ್. ಧಾರೆ ಬರುತ್ತಿತ್ತಲ್ಲ, ಹಾಗಾಗಿ ಪೂರ್ತಿ ಹಾಳಾಗಿರಲಿಕ್ಕಿಲ್ಲ. ಆದರೆ ನೀವು ಅಳಿವೆ ದಾಟಿ ಹೋಗುವವರು. ಇಳಿತದ ಹೊತ್ತಿನಲ್ಲಿ ಪ್ರೊಪೆಲ್ಲರ್ ಮರಳು ಕದಡುತ್ತದೆ. ಬೆಳಚು ಚಿಪ್ಪಿನ ಪುಡಿ ಸೇರಿದ ಆ ಮರಳು ಪಂಪಿನ ಸ್ಟೀಲ್ ತಟ್ಟೆಯನ್ನು ಅರದ ಹಾಗೆ ಉಜ್ಜುತ್ತದೆ. ತಟ್ಟೆಯಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಹೊಸ ಇಂಪೆಲ್ಲರ್ ಹಾಕಿಯೂ ಪ್ರಯೋಜನ ಇಲ್ಲ. ನಿಧಾನಕ್ಕೆ ಓಡುವಾಗ ನೀರು ಬರುತ್ತದೆ, ಪೂರ್ತಿ ಥ್ರಾಟಲ್ ಕೊಟ್ಟಾಗ ಬೇಕಾದಷ್ಟು ಸಿಗುವುದಿಲ್ಲ. ತಟ್ಟೆ, ಬಟ್ಟಲು, ಇಂಪೆಲ್ಲರ್ ಮೂರನ್ನೂ ಕಿಟ್ ಆಗಿಯೇ ಬದಲಿಸಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲು. ಎರಡು ತಿಂಗಳು ಒಂದೇ ಭಂಗಿಯಲ್ಲಿ ಬಾಗಿ ನಿಂತ ರಬ್ಬರ್ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಜೋಡಿಸುವಾಗ ಗ್ರೀಸೋ ಸೋಪಿನ ನೀರೋ ಸವರಿ, ಶಾಫ್ಟ್ ತಿರುಗುವ ದಿಕ್ಕಿನಲ್ಲೇ ತಿರುಗಿಸುತ್ತಾ ಕೂರಿಸಿ. ಕೆಳಭಾಗ ಮೇಲೇರಿಸುವಾಗ ನೀರಿನ ಪೈಪು ಅದರ ರಬ್ಬರ್ ಬಾಯಿಗೇ ಹೋಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿ.

ಇಂಪೆಲ್ಲರ್ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಕೋಡಿಬಾಗದ ಒಂದು ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಒಂದು ಎಂಜಿನ್ನಿನ ಇಂಪೆಲ್ಲರ್ ಬಿಚ್ಚಿದೆ, ಆರು ಎಲೆಗಳಲ್ಲಿ ಎರಡು ಹರಿದು ಹೋಗಿದ್ದವು. ಹೊಸದು ಹಾಕಿದೆ, ಧಾರೆ ಜೋರಾಗಿ ಬಂತು, ಹಣ ತೆಗೆದುಕೊಂಡೆ. ಒಂದು ವಾರದಲ್ಲಿ ಅದೇ ಎಂಜಿನ್ ಜಾಮ್ ಆಗಿ ವಾಪಸ್ ಬಂತು. ಹೆಡ್ ಬಿಚ್ಚಿದರೆ ಆ ಎರಡು ರಬ್ಬರ್ ತುಂಡು ಥರ್ಮೋಸ್ಟಾಟ್ ಬಾಯಲ್ಲಿ ಒಂದರ ಮೇಲೊಂದು ಕೂತಿದ್ದವು. ಬೋರಿನ ಖರ್ಚು ನನ್ನ ಸಂಬಳದಿಂದ ಹೋಯಿತು. ಅಂದಿನಿಂದ ಎಲೆ ಎಣಿಸದೆ ಪಂಪ್ ಮುಚ್ಚಿಲ್ಲ. ಕಾಣೆಯಾದ ಎಲೆ ಸಮುದ್ರಕ್ಕೆ ಹೋಗಿರಬಹುದು ಎನ್ನುವ ಮಾತು ಬೇಡ. ನೀರು ಹೋದ ದಾರಿಯಲ್ಲೇ ಅದೂ ಹೋಗಿರುತ್ತದೆ. ಸಿಗುವವರೆಗೆ ಹುಡುಕಿ.

ಈಗ ನೀರನ್ನು ಬಿಟ್ಟು ಬೇರೆ ಕಡೆ ನೋಡೋಣ. ಬಿಸಿ ಅಂದರೆ ನೀರಿನದೇ ತಪ್ಪು ಅಂತಿಲ್ಲ. ಎರಡು ತಿಂಗಳು ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ನಿಂತರೆ ಜೆಟ್ಟಿನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತದೆ. ಇಂಧನ ಕಡಿಮೆ, ಗಾಳಿ ಜಾಸ್ತಿ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಇಂಧನದ ಜೊತೆಗೇ ಆಯಿಲ್ ಹೋಗುವುದು, ಆದ್ದರಿಂದ ಆಯಿಲೂ ಕಡಿಮೆಯಾಯಿತು. ಬಿಸಿ ಏರಿತು, ಜಾರುವುದೂ ನಿಂತಿತು. ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಕಂದು ಬಣ್ಣ ಇದ್ದರೆ ಸರಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದರೆ ಇಂಧನ ಸಾಲಲಿಲ್ಲ ಎಂದರ್ಥ. ಇನ್ನು ಮುಂದೆ ದಡ ಹತ್ತಿರ ಬಂದಾಗ ಪೆಟ್ರೋಲಿಗೆ ಬದಲಿಸಿ, ಕಾರ್ಬ್ಯುರೇಟರಿನ ಸೀಮೆಎಣ್ಣೆ ಮುಗಿಯುವವರೆಗೆ ಓಡಿಸಿಯೇ ನಿಲ್ಲಿಸಿ. ಮರುದಿನ ಸ್ಟಾರ್ಟಿಂಗಿಗೂ ಅದು ಒಳ್ಳೆಯದು.

ಒಂದು ತಾಸು ಬಿಟ್ಟು ಸಡಿಲವಾಯಿತು ಎಂದಿರಿ. ಅದಕ್ಕೂ ಕಾರಣ ಇದೆ. ಪಿಸ್ಟನ್ ಅಲ್ಯುಮಿನಿಯಂ, ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಹಿಗ್ಗುವುದು ಕಬ್ಬಿಣದ ಎರಡರಷ್ಟು. 50 ಮಿಲಿಮೀಟರ್ ಅಗಲದ ಪಿಸ್ಟನ್ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.11 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಬಿಸಿಗೆ ಕಬ್ಬಿಣದ ಬೋರ್, ಅಂದರೆ ಸಿಲಿಂಡರಿನ ಒಳತೂತು, ಸುಮಾರು 0.055. ಉಳಿದ ಅಂತರ ಒಂದು ಕೂದಲಿನಷ್ಟು ದಪ್ಪ. ಪಿಸ್ಟನ್ ಮತ್ತು ಬೋರಿನ ನಡುವೆ ಕಂಪನಿ ಬಿಟ್ಟಿರುವ ಸಂದಿಯೂ ಹೆಚ್ಚುಕಡಿಮೆ ಅಷ್ಟೇ. ಹಿಗ್ಗಿದಾಗ ಹಿಡಿಯುತ್ತದೆ, ತಣಿದಾಗ ಬಿಡುತ್ತದೆ.

ಅಲ್ಲಿಗೆ ಬಿಟ್ಟಿದ್ದರೆ ನಷ್ಟ ಕಡಿಮೆ ಇರುತ್ತಿತ್ತು. ಹಿಡಿದು ಬಿಟ್ಟ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಲ್ಯುಮಿನಿಯಂ ಗೋಡೆಗೆ ಬೆಣ್ಣೆಯ ಹಾಗೆ ಸವರಿಕೊಂಡಿರುತ್ತದೆ. ಅದರ ಮೇಲೆಯೇ ಮನೆಗೆ ಓಡಿಸಿದಿರಿ. ಮರುದಿನ ಮತ್ತೆ ಓಡಿಸಿದಿರಿ. ಸಮುದ್ರದ ಮಧ್ಯೆ ಬೇರೆ ದಾರಿ ಇರಲಿಲ್ಲ ಎಂದರೆ ಒಪ್ಪುತ್ತೇನೆ, ಮರುದಿನದ್ದನ್ನು ಒಪ್ಪುವುದಿಲ್ಲ ಮಾರಾಯ್ರೆ. ಸಮುದ್ರದಲ್ಲಿ ಹೀಗಾದರೆ ಆಂಕರ್ ಹಾಕಿ, ಹಗ್ಗ ಎಳೆಯಬೇಡಿ, ಬಿಸಿ ಹೆಡ್ ಮೇಲೆ ಬಕೆಟಿನಿಂದ ನೀರು ಸುರಿಯಬೇಡಿ. ಹೆಡ್ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಪೂರ್ತಿ ತಣಿದ ಮೇಲೆ ಪ್ಲಗ್ ತೆಗೆದು ಒಂದೊಂದು ಚಮಚ ಟೂ-ಟಿ ಆಯಿಲ್ ಬಿಟ್ಟು ಫ್ಲೈವೀಲನ್ನು ಕೈಯಲ್ಲೇ ಹಿಂದೆ ಮುಂದೆ ಮಾಡಿ. ಬೇರೆ ದೋಣಿ ಎಳೆದುಕೊಂಡು ಹೋಗುವುದಾದರೆ ಅದೇ ಒಳ್ಳೆಯದು, ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ.

ಈಗ ಹೆಡ್ ಬಿಚ್ಚಿದಾಗ ಪಿಸ್ಟನ್ನನ್ನು ಬಿಸಾಡಬೇಡಿ, ಓದಿ. ಗೀರುಗಳು ಎಲ್ಲಿವೆ ಎಂಬುದೇ ಅದರ ಜಾತಕ. ಹೊಗೆ ಹೋಗುವ ಕಡೆ ಮಾತ್ರ ಗೀರಿದ್ದರೆ ಹೆಚ್ಚಾಗಿ ಬಿಸಿ ಅಥವಾ ಇಂಧನದ ಕೊರತೆ. ಇಂಧನ ಬರುವ ಕಡೆ, ಕೆಳಗಿನ ಅಂಚಿನಲ್ಲಿದ್ದರೆ ಆಯಿಲ್ ಸಾಲಲಿಲ್ಲ. ಸುತ್ತ ನಾಲ್ಕು ಮೂಲೆಯಲ್ಲಿ ಪಟ್ಟೆಪಟ್ಟೆಯಾಗಿದ್ದರೆ ತಣ್ಣಗಿನ ಎಂಜಿನ್ನಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟಿದ್ದು. ಪಿಸ್ಟನ್ ಬೇಗ ಬಿಸಿಯಾಗುತ್ತದೆ, ನೀರಿನಲ್ಲಿ ಕೂತ ಸಿಲಿಂಡರ್ ತಡವಾಗಿ. ಅಳಿವೆಯಲ್ಲಿ ಅಲೆ ಎದುರಾದಾಗ ಹಾಗೆ ಮಾಡುವುದು ಸಹಜವೇ. ಅದಕ್ಕೇ ಹೊರಡುವ ಮೊದಲು ದಡದ ಹತ್ತಿರ ನಾಲ್ಕೈದು ನಿಮಿಷ ನಿಧಾನವಾಗಿ ಓಡಿಸಿ. ಎರಡು ಸಿಲಿಂಡರಿನಲ್ಲಿ ಒಂದೇ ಹಿಡಿದಿದ್ದರೆ ಅದರ ಪಕ್ಕದ ನೀರಿನ ದಾರಿಯನ್ನೇ ಮೊದಲು ಕೆದಕಿ.

ಇನ್ನು ಬೈಕ್. ಘಟ್ಟ ಇಳಿಯುವಾಗ ಹಿಡಿಯಿತು ಎಂದು ನಿಮ್ಮ ತಮ್ಮನಿಗೆ ಆಶ್ಚರ್ಯ ಆಗಿರಬೇಕು. ಹತ್ತುವಾಗ ಬಿಸಿಯಾಗಬೇಕಿತ್ತಲ್ಲ? ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕುಮಟಾ ಕಡೆ ಬರುವವರು ಆ ಎತ್ತರದ ಬಹುಪಾಲನ್ನು ದೇವಿಮನೆಯಲ್ಲೇ ಇಳಿಯುವುದು. ಪೆಟ್ರೋಲ್ ಉಳಿಯಲಿ ಎಂದು ಥ್ರಾಟಲ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟು ಇಳಿದಿರುತ್ತಾರೆ. ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿದೆ, ಆದರೆ ಥ್ರಾಟಲ್ ಮುಚ್ಚಿದೆ. ಪೆಟ್ರೋಲ್ ಬಹಳ ಕಡಿಮೆ ಬರುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಅಷ್ಟೇ ಕಡಿಮೆ. ಆಯಿಲ್ ಪಂಪ್ ಇರುವ ಬೈಕಿನಲ್ಲೂ ಆ ಪಂಪ್ ಥ್ರಾಟಲ್ ವೈರಿಗೆ ಕಟ್ಟಿರುತ್ತದೆ, ಥ್ರಾಟಲ್ ಮುಚ್ಚಿದರೆ ಅದೂ ಕಡಿಮೆ ಕೊಡುತ್ತದೆ. ಹತ್ತಾರು ತಿರುವು ಹೀಗೆ ಒಣ ಒಣ ತಿರುಗಿದರೆ ಪಿಸ್ಟನ್ ಹಿಡಿಯದೆ ಇನ್ನೇನು? ಫೋರ್ ಸ್ಟ್ರೋಕ್ ಬೈಕಿಗೆ ಈ ತೊಂದರೆ ಇಲ್ಲ, ಅದರ ಆಯಿಲ್ ಬೇರೆಯೇ ಇರುತ್ತದೆ.

ಟೂ ಸ್ಟ್ರೋಕ್‌ನಲ್ಲಿ ಘಟ್ಟ ಇಳಿಯುವಾಗ ಆಗಾಗ ಥ್ರಾಟಲ್ ಒಂದು ಸಲ ತಿರುವಿ ಬಿಡಿ. ಹಳಬರು ಹೀಗೆ ಮಾಡುತ್ತಿದ್ದರು, ಶೋಕಿಗೆ ಅಂತ ನಾವು ಅಂದುಕೊಂಡಿದ್ದೆವು. ಎರಡು ಬೆರಳು ಕ್ಲಚ್ ಮೇಲಿರಲಿ. ಎಂಜಿನ್ ಬಿಗಿಯಾಗುತ್ತಿದೆ, ಯಾರೋ ಹಿಂದೆ ಎಳೆದ ಹಾಗೆ ಅನಿಸಿದ ಕ್ಷಣ ಕ್ಲಚ್ ಹಿಡಿಯಬೇಕು. ಚಕ್ರ ಹಿಡಿದ ಮೇಲೆ ತಡ. ನಿಮ್ಮ ತಮ್ಮ ಬೀಳದೆ ಬಂದದ್ದೇ ದೊಡ್ಡದು.

ಎಣ್ಣೆ ಡಬ್ಬಿಯ ವಿಷಯ ಇಲ್ಲೇ ಮುಗಿಸುತ್ತೇನೆ. ಒಂದೇ ಡಬ್ಬಿ ಬೇಡ. ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯೂ3 ಎಂದು ಬರೆದ ಆಯಿಲ್ ಬೇಕು. ಅದು ಬೂದಿ ಬಿಡುವುದಿಲ್ಲ, ನೀರಿನಿಂದ ತಂಪಾಗುವ ಎಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಂಪಾಗುವ ಬೈಕಿನ ಸಿಲಿಂಡರ್ ಅದಕ್ಕಿಂತ ಎಷ್ಟೋ ಬಿಸಿಯಾಗಿ ಓಡುತ್ತದೆ, ಅದಕ್ಕೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದ ಆಯಿಲ್. ದೋಣಿಯ ಆಯಿಲ್ ಬೈಕಿಗೆ ಹಾಕಿದ್ದೂ ಆ ಘಟ್ಟದಲ್ಲಿ ಪಾಲುದಾರ ಆಗಿರಬಹುದು. ಅಳತೆಯನ್ನು ಕಂಪನಿ ಪುಸ್ತಕದಲ್ಲಿ ನೋಡಿ, ಸೀಮೆಎಣ್ಣೆಗೂ ಪೆಟ್ರೋಲಿಗೂ ಬೇರೆ ಬೇರೆ ಹೇಳಿರಬಹುದು. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ. ಮುಚ್ಚಳದಲ್ಲಿ ಅಂದಾಜು ಸುರಿಯಬೇಡಿ, ಔಷಧಿ ಅಂಗಡಿಯ ಸಿರಿಂಜ್ ಇಟ್ಟುಕೊಳ್ಳಿ.

ಮಾರ್ಚ್‌ನಲ್ಲಿ ಹಿಡಿದದ್ದು ತಣಿದ ಮೇಲೆ ಪ್ರಾಯಶಃ ಬಿಟ್ಟಿರುತ್ತದೆ. ಈಗ ಹಿಡಿದುಕೊಂಡಿರುವುದು ತುಕ್ಕು. ಟೂ ಸ್ಟ್ರೋಕ್ ಸಿಲಿಂಡರಿನಲ್ಲಿ ಕಿಟಕಿಗಳಿರುತ್ತವೆ, ಪಿಸ್ಟನ್ ಎಲ್ಲಿ ನಿಂತರೂ ಒಂದಲ್ಲ ಒಂದು ದಾರಿಯಿಂದ ಗಾಳಿ ಒಳಗೆ ಹೋಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕರಾವಳಿಯ ಉಪ್ಪುಗಾಳಿ ಅದು. ಆಯಿಲ್ ಪದರ ಹೋದ ಕಬ್ಬಿಣದ ಗೋಡೆ ಎಷ್ಟು ದಿನ ತಡೆದೀತು?

ಇದಕ್ಕೆ ತಾಳ್ಮೆಯೇ ಔಷಧಿ. ಪ್ಲಗ್ ಬಿಚ್ಚಿ. ಅರ್ಧ ಎಟಿಎಫ್, ಅರ್ಧ ಅಸಿಟೋನ್ ಕಲಸಿ ಒಂದು ಅರ್ಧ ಲೋಟ ಒಳಗೆ ಬಿಡಿ. ಎಟಿಎಫ್ ಎಂದರೆ ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆ, ಅಸಿಟೋನ್ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಬೇಗ ಬೆಂಕಿ ಹಿಡಿಯುವಂಥದ್ದು, ಬೀಡಿ ದೂರ ಇಡಿ. ಸಿಗದಿದ್ದರೆ ಡೀಸೆಲ್ ಸಾಕು, ದಿನ ಜಾಸ್ತಿ ಬೇಕು ಅಷ್ಟೇ. ಮೂರು ದಿನ ಬಿಡಿ, ದಿನಾ ಸ್ವಲ್ಪ ಸೇರಿಸಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ತಿರುಗಿಸಲು ಹೋಗಬೇಡಿ, ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಗೆದ್ದ ಹಾಗೆ, ಮತ್ತೆ ಎಣ್ಣೆ ಬಿಟ್ಟು ರಾತ್ರಿ ಕಳೆಯಲಿ. ಕಿಕ್ ಮೇಲೆ ಹತ್ತಿ ಕುಣಿಯುವುದು, ಪಿಸ್ಟನ್ ತಲೆಗೆ ರಾಡ್ ಇಟ್ಟು ಸುತ್ತಿಗೆ ಹೊಡೆಯುವುದು, ಜೀಪಿಗೆ ಕಟ್ಟಿ ಎಳೆದು ಕ್ಲಚ್ ಬಿಡುವುದು, ಮೂರನ್ನೂ ಮಾಡಿದವರನ್ನು ನೋಡಿದ್ದೇನೆ. ಮೂರಕ್ಕೂ ಕೊನೆಗೆ ಕ್ರ್ಯಾಂಕ್ ಬದಲಿಸಿದ್ದೇ ಆಯಿತು.

ಬಿಟ್ಟುಕೊಂಡ ಮೇಲೆ ಸ್ಟಾರ್ಟ್ ಮಾಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಒಳಗೆ ಕ್ರ್ಯಾಂಕ್ ಬೇರಿಂಗುಗಳೂ ಆರು ತಿಂಗಳು ತುಕ್ಕಿನಲ್ಲೇ ಇದ್ದವು. ಗುಳಿ ಬಿದ್ದ ಬೇರಿಂಗ್ ತಿರುಗುತ್ತದೆ, 'ಗುಂಯ್' ಎನ್ನುತ್ತದೆ, ಒಂದು ದಿನ ಪುಡಿಯಾಗಿ ಹೊಸ ಪಿಸ್ಟನ್ನನ್ನೂ ತಿನ್ನುತ್ತದೆ. ಸಿಲಿಂಡರ್ ಎತ್ತಿ, ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಟಕ್ ಎಂದು ಆಡಿದರೆ ಕೇಸ್ ಬಿಚ್ಚಲೇಬೇಕು. ಗೋಡೆಯಲ್ಲಿ ಅಲ್ಯುಮಿನಿಯಂ ಸವರಿಕೊಂಡಿದ್ದು ಮಾತ್ರ ಇದ್ದು, ಕಬ್ಬಿಣಕ್ಕೆ ಆಳದ ಗೀರಿಲ್ಲದಿದ್ದರೆ ಬೋರ್ ಇಲ್ಲದೆಯೂ ಬಚಾವಾಗಬಹುದು. ಲೇತ್‌ನವರು ಕಾಸ್ಟಿಕ್ ಸೋಡಾ ನೀರನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಆ ಪಟ್ಟೆಗೆ ಮಾತ್ರ ಮುಟ್ಟಿಸುತ್ತಾರೆ. ಅದು ಅಲ್ಯುಮಿನಿಯಂ ತಿನ್ನುತ್ತದೆ, ಕಬ್ಬಿಣವನ್ನು ಬಿಡುತ್ತದೆ. ಹೊರಗಿನ ರೆಕ್ಕೆಗಳೂ ಅಲ್ಯುಮಿನಿಯಂ ಆದ್ದರಿಂದ ಅದ್ದಿ ಇಡುವ ಹಾಗಿಲ್ಲ. ಕಬ್ಬಿಣದ ಸ್ಲೀವ್ (ಒಳಕೊಳವೆ) ಇಲ್ಲದೆ ಒಳಗೋಡೆಗೆ ಲೇಪನ ಮಾಡಿದ ಹೊಸ ಸಿಲಿಂಡರುಗಳಿಗೆ ಈ ಉಪಾಯ ಮಾಡಿದರೆ ಸಿಲಿಂಡರೇ ಹೋದೀತು. ಮನೆಯಲ್ಲಿ ಮಾಡಬೇಡಿ, ಕಣ್ಣು ಹೋದರೆ ಬೋರ್ ಮಾಡಿಸಲಾಗುವುದಿಲ್ಲ.

ಬೋರ್ ಮಾಡಿಸಲೇಬೇಕಾದರೆ ಪಿಸ್ಟನ್ 0.25, 0.50, 0.75, 1.00 ಮಿಲಿಮೀಟರ್ ಎಂದು ದೊಡ್ಡ ಸೈಜಿನಲ್ಲಿ ಸಿಗುತ್ತದೆ. ಮೊದಲು ಪಿಸ್ಟನ್ ತಂದುಕೊಡಿ, ಅದನ್ನು ಅಳೆದು ಬೋರ್ ಮಾಡಲಿ. ಬೋರ್ ಮಾಡಿ ಆಮೇಲೆ ಪಿಸ್ಟನ್ ಹುಡುಕುವವರ ಹತ್ತಿರ ಹೋಗಬೇಡಿ.

ನೀರು ನುಗ್ಗಿ ಜಾಮ್ ಆಗುವುದು ಬೇರೆಯೇ ಕಥೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗ ಮುಳುಗಿದ ಬೈಕುಗಳು ಸಾಲಾಗಿ ಬಂದವು. ಸಿಲಿಂಡರಿನಲ್ಲಿ ನೀರಿದ್ದಾಗ ಸೆಲ್ಫ್ ಒತ್ತಿದವರ ರಾಡ್ ಬಾಗಿತ್ತು, ಒತ್ತದೆ ತಂದವರದ್ದು ಪ್ಲಗ್ ತೆಗೆದು, ನೀರು ಹೊರಹಾಕಿ, ಆಯಿಲ್ ಬದಲಿಸಿದಾಗ ಸರಿಹೋಯಿತು. ಔಟ್‌ಬೋರ್ಡ್ ಸಮುದ್ರಕ್ಕೆ ಬಿದ್ದರೂ ಹಾಗೇ. ಎತ್ತಿದ ತಕ್ಷಣ ಸಿಹಿನೀರಿನಲ್ಲಿ ತೊಳೆದು ಕೆಲವೇ ತಾಸಿನಲ್ಲಿ ಸ್ಟಾರ್ಟ್ ಮಾಡಬೇಕು. ಆಗದಿದ್ದರೆ ಮೆಕ್ಯಾನಿಕ್ ಬರುವವರೆಗೆ ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡಿ. ವಿಚಿತ್ರ ಅನಿಸಬಹುದು, ಆದರೆ ಉಪ್ಪು ಮೆತ್ತಿದ ಲೋಹಕ್ಕೆ ಗಾಳಿ ತಾಗುವುದೇ ದೊಡ್ಡ ಅಪಾಯ.

ಹೊಸ ಬೈಕ್ ಕೊಂಡು ರೇಡಿಯೇಟರ್ ಇದೆ, ಚಿಂತೆ ಇಲ್ಲ ಎನ್ನುವವರಿಗೂ ಎರಡು ಮಾತು. ನಮ್ಮ ದಂಡೆಯ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಸವಳಾಗುತ್ತದೆ, ಅದನ್ನು ರೇಡಿಯೇಟರಿಗೆ ಸುರಿಯಬೇಡಿ. ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾಯುತ್ತಿರುತ್ತದೆ, ಮುಚ್ಚಳ ತೆರೆದ ಕೂಡಲೇ ಮುಖಕ್ಕೆ ಬರುತ್ತದೆ. ಇನ್ನೊಂದು, ನೀರು ಪೂರ್ತಿ ಖಾಲಿಯಾದರೆ ಮೀಟರ್ ಮುಳ್ಳು ಕೆಳಗಿಳಿಯಬಹುದು. ಸೆನ್ಸರಿಗೆ ತಾಗಲು ನೀರೇ ಇಲ್ಲವಲ್ಲ. ಟ್ರಾಲರಿನವರೂ ಇದರಲ್ಲಿ ಮೋಸಹೋಗುತ್ತಾರೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಓಡಿಸಬೇಡಿ.

ಮುಂದಿನ ಮಳೆಗಾಲಕ್ಕೆ ಔಟ್‌ಬೋರ್ಡ್ ಎತ್ತಿಡುವ ದಿನ ಹೀಗೆ ಮಾಡಿ. ಡ್ರಮ್ಮಿನಲ್ಲಿ ಜಾಲರಿ ಮುಳುಗುವಷ್ಟು ಸಿಹಿನೀರು ತುಂಬಿ 10ರಿಂದ 15 ನಿಮಿಷ ಓಡಿಸಿ. ಥರ್ಮೋಸ್ಟಾಟ್ ತೆರೆದು ಒಳಗೆಲ್ಲ ತೊಳೆಯಲು ಅಷ್ಟು ಹೊತ್ತು ಬೇಕು. ಸೋಪು ನೊರೆ ಬರದ ನೀರಾದರೆ ಪ್ರಯೋಜನ ಕಡಿಮೆ. ಕೊನೆಗೆ ಪೆಟ್ರೋಲ್ ಪೈಪ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವ ಮೊದಲು ಕಾರ್ಬ್ಯುರೇಟರ್ ಬಾಯಿಗೆ ಸ್ವಲ್ಪ ಆಯಿಲ್ ಕುಡಿಸಿ. ಹೊಗೆ ಎದ್ದು ನಿಲ್ಲುತ್ತದೆ. ಪ್ಲಗ್ ತೂತಿನಲ್ಲಿ ಒಂದೊಂದು ಚಮಚ ಆಯಿಲ್, ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿದರೆ ನೀರು ಮೂಲೆಯಲ್ಲಿ ಉಳಿಯುತ್ತದೆ. ವಾರಕ್ಕೊಮ್ಮೆ ಪ್ಲಗ್ ತೆಗೆದು ಹಗ್ಗ ಮೆಲ್ಲಗೆ ಎಳೆಯಿರಿ. ನೀರಿಲ್ಲದೆ ಸ್ಟಾರ್ಟ್ ಮಾಡಿ ನೋಡುವುದು ಬೇಡ, ಒಣ ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಯಾವುದನ್ನು ಮೊದಲು ಮಾಡಿಸಲಿ ಎಂದರೆ ದೋಣಿ. ಹೊಟ್ಟೆಪಾಡು ಅದರಲ್ಲಿದೆ, ಸೀಸನ್ ಶುರುವಾಗಿದೆ. ಬೈಕಿಗೆ ಅಲ್ಲಿಯವರೆಗೆ ಎಣ್ಣೆ ಕುಡಿಸುತ್ತಿರಿ. ಪ್ಲಗ್ ತೂತಿನಲ್ಲಿ ಬಿಡುವಾಗ ಸೈಲೆನ್ಸರ್ ಹಿಡಿದಿರುವ ಎರಡು ನಟ್‌ಗಳಿಗೂ ನಾಲ್ಕು ಹನಿ ಹಾಕಿ. ಅದನ್ನು ಬಿಚ್ಚಿದರೆ ಹೊಗೆ ಕಿಟಕಿಯಿಂದಲೇ ಟಾರ್ಚ್ ಹಿಡಿದು ಪಿಸ್ಟನ್ನಿನ ಮುಖ ನೋಡಬಹುದು, ಸಿಲಿಂಡರ್ ಎತ್ತುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಎಣ್ಣೆ ಹಾಕದೆ ಸ್ಪ್ಯಾನರ್ ಹಾಕಿದರೆ ಸ್ಟಡ್ ಮುರಿಯುತ್ತದೆ, ಆಮೇಲೆ ಅದಕ್ಕೆ ಬೇರೆ ಲೇತ್‌ಗೆ ಹೋಗಬೇಕು.